ಅಣ್ಣನ ಮೇಲೆ ನಾನು ಹಾಕಿದ ಕೇಸು

ಹಿಂದೂಪುರದ ಕೋರ್ಟಿನಲ್ಲಿ ನನ್ನ ಕೇಸು ಬರುವ ದಿನ ನನ್ನನ್ನು ಮನೆಯಿಂದ ಕರೆದುಕೊಂಡು ಹೋಗುತ್ತಿದ್ದವನು ನನ್ನ ಎದುರುದಾರನೇ. ಆಟೋ ಹತ್ತಿಸಿ, ನನ್ನ ಊರುಗೋಲನ್ನು ತಾನೇ ಹಿಡಿದುಕೊಂಡು, ಕೋರ್ಟಿನ ಗೇಟಿನ ಬಳಿ ಮೆಲ್ಲಗೆ ಇಳಿಸಿ, ನೆರಳಿರುವ ಬೆಂಚು ಹುಡುಕಿ ಕೂರಿಸಿ, ಬಾಟಲಿಯಲ್ಲಿ ನೀರು ತುಂಬಿಸಿ ತರುತ್ತಿದ್ದ. ಜವಾನ ನಮ್ಮಿಬ್ಬರ ಹೆಸರನ್ನೂ ಒಂದರ ಹಿಂದೊಂದು ಕೂಗಿದಾಗ ಎದ್ದು ಒಳಗೆ ಹೋಗಿ, ಒಬ್ಬರಿಗೊಬ್ಬರು ಸಂಬಂಧವಿಲ್ಲದವರಂತೆ ಬೇರೆ ಬೇರೆ ಕಡೆ ನಿಲ್ಲುತ್ತಿದ್ದೆವು. ಆ ಎದುರುದಾರ ನನ್ನ ಒಡಹುಟ್ಟಿದ ಅಣ್ಣ.

ನನ್ನ ಯಜಮಾನರಿಗೆ ಚಿಲಮತ್ತೂರಿನ ಹೆದ್ದಾರಿ ಪಕ್ಕದ ಒಂದು ಕಾರ್ಖಾನೆಯಲ್ಲಿ ಕೆಲಸ. ವಾಯಿದಾ ಇದ್ದಾಗಲೆಲ್ಲ ರಜೆ ಹಾಕಿದರೆ ಕೆಲಸವೇ ಹೋಗುತ್ತಿತ್ತು. ಅಣ್ಣ ನಿವೃತ್ತನಾಗಿ ಕಲ್ಯಾಣದುರ್ಗದಲ್ಲಿದ್ದ. ಹೇಗೂ ಅವನೂ ಕೋರ್ಟಿಗೆ ಬರಲೇಬೇಕಾದವನು. ಒಂದೇ ಆಟೋ ಸಾಕಲ್ಲ ಎಂದು ಮನೆಯಲ್ಲಿ ಎಲ್ಲರೂ ಒಪ್ಪಿಕೊಂಡರು.

ಅಣ್ಣ ಸರ್ಕಾರಿ ಬಸ್ಸಿನ ಡ್ರೈವರ್ ಆಗಿದ್ದ. ಬ್ರಹ್ಮಸಮುದ್ರದ ಕಡೆಯ ಮಣ್ಣು ರಸ್ತೆಗಳಿಂದ ಹಿಡಿದು ಬೆಂಗಳೂರಿನ ಹೆದ್ದಾರಿಯವರೆಗೆ ನೌಕರಿಯುದ್ದಕ್ಕೂ ಓಡಿಸಿದ. ಒಂದು ಕೋಳಿಗೂ ತಾಗಿಸಿದವನಲ್ಲ. ಅಪಘಾತವಿಲ್ಲದ ಡ್ರೈವರ್ ಎಂದು ನಿವೃತ್ತಿಯ ದಿನ ಡಿಪೋದಲ್ಲಿ ಶಾಲು ಹೊದಿಸಿ ಒಂದು ಫಲಕ ಕೊಟ್ಟಿದ್ದರು. ಅದು ಅವನ ಮನೆಯ ಷೋಕೇಸಿನಲ್ಲಿ ದೇವರ ಫೋಟೋಗಿಂತ ಮುಂದೆ ಇತ್ತು. ಮನೆಗೆ ಬಂದವರು ಅದನ್ನು ನೋಡದೆ ಕಾಫಿ ಕುಡಿದರೆ ಅಣ್ಣನಿಗೆ ಸಮಾಧಾನವಿರುತ್ತಿರಲಿಲ್ಲ.

ನಿವೃತ್ತಿಯಾದ ಮೇಲೆ ಕೈ ಸುಮ್ಮನಿರಲಾರದೆ ಒಂದು ಹಳೆಯ ಕಾರು ಕೊಂಡ. ಬಸ್ಸಿಗಿದ್ದದ್ದೆಲ್ಲ ಅದಕ್ಕೂ ಇತ್ತು, ಕಂಡಕ್ಟರ್ ಒಬ್ಬ ಇರಲಿಲ್ಲ.

ಆ ಕೊರತೆಯನ್ನು ತುಂಬಿದವಳು ನಾನು. ಕಲ್ಯಾಣದುರ್ಗದ ಒಂದು ಕಲ್ಯಾಣ ಮಂಟಪದಲ್ಲಿ ನಮ್ಮ ನೆಂಟರ ಮದುವೆ. ಊಟ ಮುಗಿಸಿ ಹೊರಟೆವು. ಕಾರು ಪಕ್ಕದ ಓಣಿಯಲ್ಲಿತ್ತು. ಹಿಂದೆ ಕಾಂಪೌಂಡು ಗೋಡೆ, ಎಡಗಡೆ ಯಾರದೋ ಬೈಕು.

"ವಸಿ ಹಿಂದೆ ನೋಡ್ಕಳಮ್ಮ," ಎಂದು ಅಣ್ಣ ಗಾಡಿ ಚಾಲೂ ಮಾಡಿದ. ನಾನು ಹಿಂದೆ ಹೋಗಿ ನಿಂತೆ. ಬೈಕಿಗೆ ತಾಗುತ್ತದೆ ಎನ್ನಿಸಿ, ಬಲಗಡೆಗೆ ತಿರುಗಿಸಲಿ ಎಂದು, "ರೈಟ್! ರೈಟ್!" ಎಂದೆ.

ಯೋಚಿಸಿದರೆ, ಆ ಮಾತನ್ನು ನಾನು ಬೇರೆ ಯಾರಿಗೆ ಹೇಳಿದ್ದರೂ ನಡೆಯುತ್ತಿತ್ತು. ಆಯುಷ್ಯವೆಲ್ಲ "ರೈಟ್ ರೈಟ್" ಎಂಬ ಕೂಗು ಕೇಳಿದೊಡನೆ ಗಾಡಿ ಎತ್ತಿದವನಿಗೆ ಹೇಳಬಾರದಿತ್ತು. ಕಾರು ಒಂದಿಷ್ಟೂ ಅನುಮಾನಪಡದೆ ನೆಟ್ಟಗೆ ಬಂತು. ಬೈಕಿಗೆ ಏನೂ ಆಗಲಿಲ್ಲ. ನನ್ನ ಎಡಗಾಲು ಗೋಡೆಗೂ ಬಂಪರಿಗೂ ನಡುವೆ ಸಿಕ್ಕಿಕೊಂಡಿತು. ಮೂಳೆ ಮುರಿದ ಸದ್ದು ನನಗೆ ಕೇಳಿಸಿತು. ಅಣ್ಣನಿಗೂ ಕೇಳಿಸಿತಂತೆ, ಆದರೆ ಗೋಡೆಯ ಕಲ್ಲು ಬಿತ್ತು ಅಂದುಕೊಂಡನಂತೆ.

ಆಪರೇಷನ್ ಮಾಡಿ ಕಾಲಿನೊಳಗೆ ಪ್ಲೇಟು ಹಾಕಿದರು. ನಾನು ವಾರ್ಡಿನಲ್ಲಿದ್ದಷ್ಟು ದಿನವೂ ಅಣ್ಣ ಹೊರಗಿನ ಬೆಂಚಿನ ಮೇಲೆ ಮಲಗಿದ. ಒಳಗೆ ಬಂದರೆ ನನ್ನ ಮುಖ ನೋಡುತ್ತಿರಲಿಲ್ಲ, ಕಟ್ಟಿದ ಕಾಲನ್ನೇ ನೋಡುತ್ತಿದ್ದ.

"ಮಾಡ್ಬುಟ್ಟೆ ಕಣಮ್ಮ," ಎನ್ನುವನು.

"ನಾನೇ ಅಂದ್ಬುಟ್ಟೆ ಕಣಣ್ಣ," ಎಂದು ನಾನನ್ನುತ್ತಿದ್ದೆ.

ಅಷ್ಟಕ್ಕೇ ನಿಂತಿದ್ದರೆ ಅದು ಮನೆಯ ವಿಷಯವಾಗಿ ಮುಗಿಯುತ್ತಿತ್ತು. ನಾನು ಹಿಂದೂಪುರದಲ್ಲಿ ಬ್ಲೌಸು ಹೊಲಿಯುವವಳು. ನನ್ನ ಹತ್ತಿರ ಹೊಲಿಸುವ ಒಬ್ಬಾಕೆಯ ಗಂಡ ವಕೀಲರು. ಹೆಂಡತಿಯ ಬ್ಲೌಸು ಅರ್ಧಕ್ಕೆ ನಿಂತಿದೆಯಲ್ಲ ಎಂದು ವಿಚಾರಿಸಲು ವಾರ್ಡಿಗೇ ಬಂದ ಅವರು ನನ್ನ ಕಾಲು ನೋಡಿ ಕುರ್ಚಿ ಎಳೆದುಕೊಂಡು ಕುಳಿತರು.

"ಕಾರಿಗೆ ಇನ್ಷೂರೆನ್ಸ್ ಐತಾ?"

"ಐತೆ ಸಾರ್," ಎಂದ ಅಣ್ಣ.

"ಮತ್ತೆ ಕೇಸ್ ಹಾಕಮ್ಮಾ. ಮಿಷನ್ ತುಳಿಯೋ ಕಾಲು. ಪರಿಹಾರ ಬತ್ತೈತೆ."

"ಯಾರ ಮೇಲೆ ಸಾರ್?" ಎಂದು ಕೇಳಿದೆ.

ಅವರು ಅಣ್ಣನ ಕಡೆ ನೋಡಿದರು. "ಮೊದ್ಲು ಇವ್ರ ಮೇಲೆ. ಆಮೇಲೆ ಕಂಪನಿ ಮೇಲೆ. ಇವ್ರದ್ದು ತಪ್ಪು ಅಂತ ಆದ್ರೇನೆ ಕಂಪನಿ ದುಡ್ಡು ಕಟ್ಟೋದು. ಇವ್ರು ಒಳ್ಳೆ ಡ್ರೈವರ್ ಅಂತ ಆಗೋದ್ರೆ ನಿಂಗೆ ಏನೂ ಬರಲ್ಲಮ್ಮ."

ಅಣ್ಣನ ಮೇಲೆ ಕೇಸೇ ಎಂದು ನಾನು ಹಿಂಜರಿದೆ. ಅಣ್ಣ ಮಾತ್ರ ಮದುವೆಗೆ ಸೀರೆ ಕೊಡಿಸುವವನ ಹಾಗೆ ಧಾರಾಳವಾಗಿ, "ಹಾಕ್ಸಿ ಸಾರ್. ನನ್ ಮೇಲಲ್ದೆ ಇನ್ಯಾರ್ ಮೇಲೆ ಹಾಕ್ತಾಳೆ ನನ್ ತಂಗಿ?" ಎಂದ.

ಆ ಧಾರಾಳತನ ಪೊಲೀಸಿನವರು ಬರುವವರೆಗೆ ಉಳಿಯಿತು. ನನ್ನ ಹೇಳಿಕೆ ಬರೆದುಕೊಳ್ಳಲು ಒಬ್ಬ ಕಾನ್‌ಸ್ಟೇಬಲ್ ವಾರ್ಡಿಗೆ ಬಂದರು. ನಾನು ನಡೆದದ್ದನ್ನು ಹೇಳಿದೆ. ಅವರು ತೆಲುಗಿನಲ್ಲಿ ಬರೆದು ಓದಿದರು. ಕಾರಿನ ಡ್ರೈವರು "ಅತಿವೇಗಂಗಾ, ಅಜಾಗ್ರತ್ತಗಾ", ಅಂದರೆ ಜೋರಾಗಿ, ಎಚ್ಚರವಿಲ್ಲದೆ ಬಂದು ಗುದ್ದಿದ ಎಂದಿತ್ತು.

ಅಣ್ಣ ಮಂಚದ ಆ ಕಡೆಯಿಂದ ಎದ್ದು ಬಂದ. "ಸಾರ್, ಅದು ರಿವರ್ಸ್ ಗೇರು. ರಿವರ್ಸಲ್ಲಿ ಅತಿವೇಗ ಎಲ್ಲಿಂದ ಬತ್ತೈತೆ?"

"ಅದು ಬರೆಯೋ ಪದ್ಧತಿ ಅಣ್ಣಾ. ಯಾಕ್ಸಿಡೆಂಟ್ ಅಂದ್ರೆ ಹಿಂಗೇ ಬರೀಬೇಕು."

"ಮೆಲ್ಲಗೆ ಬಂದೆ ಅಂತ ಬರೀರಿ. ನಿಜ ಅದು."

"ಮೆಲ್ಲಗೆ, ಜಾಗ್ರತೆಯಾಗಿ ಬಂದು ತಂಗಿ ಕಾಲು ಮುರ್ದ ಅಂತ ಬರ್ಕೊಂಡೋದ್ರೆ ನಮ್ ಎಸ್ಸೈ ನನ್ ಕಾಲು ಮುರೀತಾರೆ," ಎಂದು ಅವರು ನನ್ನ ಕೈಗೆ ಪೆನ್ನು ಕೊಟ್ಟರು. ಅಣ್ಣ ಗೋಡೆಯ ಕಡೆ ತಿರುಗಿ ನಿಂತ. ನಾನು ಸಹಿ ಹಾಕಿದೆ.

ಹೀಗೆ ಎರಡು ಕೇಸುಗಳಾದವು. ಅಜಾಗರೂಕತೆಯಿಂದ ಗಾಡಿ ಓಡಿಸಿದ್ದಕ್ಕೆ ಅಣ್ಣನ ಮೇಲೆ ಪೊಲೀಸರ ಕೇಸು ಕಲ್ಯಾಣದುರ್ಗದಲ್ಲಿ. ಪರಿಹಾರಕ್ಕಾಗಿ ನಾನು ಹಾಕಿದ್ದು ಹಿಂದೂಪುರದಲ್ಲಿ. ವಕೀಲರು ಬಿಡಿಸಿ ಹೇಳಿದರು. ಕಲ್ಯಾಣದುರ್ಗದಲ್ಲಿ ಅಣ್ಣ ತಪ್ಪು ಒಪ್ಪಿಕೊಂಡು ದಂಡ ಕಟ್ಟಿಬಿಟ್ಟರೆ ಆ ತೀರ್ಪಿನ ನಕಲು ಹಿಂದೂಪುರದಲ್ಲಿ ನನಗೆ ಅನುಕೂಲ. ಜೈಲು ಗೀಲು ಏನೂ ಇಲ್ಲ. ಹೋಗಿ ಒಂದು ಮಾತು "ಹೌದು" ಎಂದರೆ ಸಾಕು.

ಆ ಒಂದು ಮಾತು ಅಣ್ಣನ ಬಾಯಿಂದ ಹೊರಡಲಿಲ್ಲ. ಕೇಸು ನಡೆಸಿ ಗೆಲ್ಲುತ್ತೇನೆ ಎಂದು ಕೂತ. ಅವನು ಗೆದ್ದರೆ ನಾನು ಸೋಲುತ್ತೇನೆಂದು ವಕೀಲರು ಫೋನಿನಲ್ಲಿ ಹೇಳಿದರೂ ಕೇಳಲಿಲ್ಲ. ಕೊನೆಗೆ ನಾನೇ ಊರುಗೋಲು ಊರಿಕೊಂಡು, ಯಜಮಾನರ ರಜೆಯ ದಿನ ನೋಡಿ, ಬಸ್ಸು ಹತ್ತಿ ಕಲ್ಯಾಣದುರ್ಗಕ್ಕೆ ಹೋದೆ.

ಅತ್ತಿಗೆ ರೊಟ್ಟಿ ತಟ್ಟುತ್ತಿದ್ದಳು. ಅಣ್ಣ ನನಗೆ ದಿಂಬು ಒರಗಿಸಿ ಕಾಲು ಚಾಚಲು ಸ್ಟೂಲು ಕೊಟ್ಟ.

"ನಿನ್ ಕಾಲ್ ಮುರ್ದಿದ್ದು ನಾನೇ. ಬಸ್ ಸ್ಟ್ಯಾಂಡಲ್ಲಿ ನಿಂತ್ಕೊಂಡು ಕೂಗಿ ಹೇಳು ಅಂದ್ರೂ ಹೇಳ್ತೀನಿ," ಎಂದ. "ಅತಿವೇಗ ಅಂತ ಮಾತ್ರ ಒಪ್ಪಲ್ಲ. ಹಿಂಗೆ ಒಪ್ಕೊಂಡ ಅಂತ ಡಿಪೋದಲ್ಲಿ ಗೊತ್ತಾದ್ರೆ ನಾನು ಯಾವ್ ಮುಖ ಇಟ್ಕೊಂಡು ಆ ಕಡೆ ಹೋಗ್ಲಿ?"

"ಒಪ್ಲಿಲ್ಲ ಅಂದ್ರೆ ಕಂಪನಿ ಕೊಡಲ್ಲಂತೆ ಅಣ್ಣಯ್ಯ."

"ಕೊಡ್ದಿದ್ರೆ ನಾನ್ ಕೊಡ್ತೀನಿ."

"ನಿನ್ ದುಡ್ಡು ಬೇಕಿದ್ರೆ ಕೋರ್ಟಿಗ್ಯಾಕೆ ಹೋಯ್ತಿದ್ದೆ?"

ಅತ್ತಿಗೆ ಒಲೆಯ ಮುಂದಿನಿಂದಲೇ ಹೇಳಿದಳು. "ಸರ್ವೀಸ್ ಮುಗೀತು ಕಣ್ರೀ. ಈಗ ನೀವು ಡ್ರೈವರಲ್ಲ, ಬರೀ ಅಣ್ಣ. ಹೋಗಿ ಒಪ್ಕೊಂಡು ಬನ್ನಿ. ಬತ್ತಾ ಕೊತ್ತಂಬ್ರಿ ತನ್ನಿ."

ವಾಯಿದಾ ದಿನ ಅಣ್ಣ ಬಿಳಿ ಶರಟು ಹಾಕಿಕೊಂಡು ಹೋದ. ನಾನು ಹಿಂದಿನ ಬೆಂಚಿನಲ್ಲಿದ್ದೆ. ಮ್ಯಾಜಿಸ್ಟ್ರೇಟರು ಚಿಕ್ಕ ವಯಸ್ಸಿನ ಹೆಣ್ಣುಮಗಳು. ನೇರ ಒಪ್ಪಿಕೊಳ್ಳುತ್ತೀರಾ ಎಂದು ತೆಲುಗಿನಲ್ಲಿ ಕೇಳಿದರು. ತೆಲುಗಿನಲ್ಲಿ ಅಪರಾಧಕ್ಕೆ ನೇರ ಎನ್ನುತ್ತಾರೆ. ಅಣ್ಣ ಕೈ ಕಟ್ಟಿಕೊಂಡು, "ಗುದ್ದಿದ್ದು ನಿಜ ತಾಯಿ. ಜೋರಾಗಿ ಬಂದದ್ದು ನಿಜವಲ್ಲ," ಎಂದ.

ಅವರು ತಲೆಯೆತ್ತಿ ನೋಡಿದರು. "ಅರ್ಧ ಒಪ್ಪೋದಕ್ಕೆ ಇಲ್ಲಿ ಅವಕಾಶ ಇಲ್ಲ. ಪೂರ್ತಿ ಒಪ್ಪಿ, ಇಲ್ಲಾ ಪೂರ್ತಿ ಬಿಡಿ."

ಅಣ್ಣ ಹಿಂತಿರುಗಿ ನನ್ನನ್ನು ನೋಡಲಿಲ್ಲ. ತಲೆ ತಗ್ಗಿಸಿ, "ಪೂರ್ತಿ," ಎಂದ.

ದಂಡ ಕಟ್ಟಿ ಹೊರಗೆ ಬಂದ ಮೇಲೆ ಕ್ಯಾಂಟೀನಿನಲ್ಲಿ ಟೀ ಹೇಳಿದೆವು. ಅವನು ಕುಡಿಯಲಿಲ್ಲ. ಮನೆಗೆ ಹೋದವನೇ ಷೋಕೇಸಿನ ಫಲಕ ತೆಗೆದು ಬೀರುವಿನಲ್ಲಿ ಸೀರೆಗಳ ಕೆಳಗಿಟ್ಟ. ಅತ್ತಿಗೆ ಖಾಲಿ ಜಾಗ ಕಾಣಬಾರದೆಂದು ಅಲ್ಲೊಂದು ಪ್ಲಾಸ್ಟಿಕ್ ಹೂವಿನ ಕುಂಡ ಇಟ್ಟಳು. ಅಣ್ಣ ಇಷ್ಟೆಲ್ಲ ಕೊಟ್ಟದ್ದು ನನ್ನ ಕಾಲಿಗಾಗಿ. ನನಗಾದರೋ ಆ ದಿನ ಕಾಲಿನ ನೋವಿನ ನೆನಪೇ ಇರಲಿಲ್ಲ.

ಹಿಂದೂಪುರದ ಕೇಸು ಮಾತ್ರ ಆತುರಪಡಲಿಲ್ಲ. ಒಂದು ಸಲ ಕಂಪನಿಯ ವಕೀಲರು ಬರುತ್ತಿರಲಿಲ್ಲ, ಇನ್ನೊಂದು ಸಲ ನಮ್ಮವರು, ಇಬ್ಬರೂ ಬಂದ ದಿನ ಜಡ್ಜಿಗೆ ರಜೆ. ಅಣ್ಣ ಬೆಳಗಿನ ಬಸ್ಸಿಗೆ ಹೊರಟು ಅತ್ತಿಗೆ ಕಟ್ಟಿಕೊಟ್ಟ ರೊಟ್ಟಿ, ಕಡ್ಲೆಕಾಯಿ ಚಟ್ನಿ ತರುತ್ತಿದ್ದ. ಕೋರ್ಟಿನ ಹುಣಸೆ ಮರದ ಕೆಳಗೆ ಇಬ್ಬರೂ ಒಂದೇ ಡಬ್ಬಿಯಲ್ಲಿ ತಿನ್ನುವುದನ್ನು ನೋಡಿ ನಮ್ಮ ವಕೀಲರು ಓಡಿ ಬಂದರು.

"ಅಮ್ಮಾ, ಎದುರುದಾರನ ಜೊತೆ ಊಟ ಮಾಡಬಾರ್ದು. ಇಬ್ರೂ ಸೇರ್ಕೊಂಡು ಕೇಸು ಮಾಡಿದೀರಿ ಅಂತ ಕಂಪನಿಯವ್ರು ಅಂತಾರೆ."

ಅಂದಿನಿಂದ ನಾವು ಮರದ ಆ ಬದಿಗೊಬ್ಬರು ಈ ಬದಿಗೊಬ್ಬರು ಕುಳಿತೆವು. ಚಟ್ನಿ ಮಾತ್ರ ಬುಡವನ್ನು ಸುತ್ತಿ ಅತ್ತಿತ್ತ ಓಡಾಡುತ್ತಿತ್ತು. ಕಂಪನಿಯ ವಕೀಲರು ವಯಸ್ಸಾದವರು, ಕಣ್ಣು ಚುರುಕು. ಒಂದು ದಿನ ಅವರು ಪಕ್ಕದಲ್ಲಿ ಹಾದು ಹೋಗುತ್ತ, "ಚಟ್ನಿ ವಾಸನೆ ಚೆನ್ನಾಗೈತೆ. ಯಾರ್ ಕಡೇದು, ವಾದಿಯವರದ್ದಾ, ಪ್ರತಿವಾದಿಯವರದ್ದಾ?" ಎಂದರು.

ನಮ್ಮ ವಕೀಲರಿಗಿದ್ದ ಇನ್ನೊಂದು ಚಿಂತೆ ನನ್ನ ಕಾಲು. ಅದು ದಿನದಿನಕ್ಕೆ ಗುಣವಾಗುತ್ತಿತ್ತು. ಅಣ್ಣ ನನ್ನನ್ನು ಕೋರ್ಟಿನ ಆವರಣದಲ್ಲೇ ನಡೆಸಿ ಅಭ್ಯಾಸ ಮಾಡಿಸುವನು. ನಾನು ಊರುಗೋಲು ಬಿಟ್ಟು ಮರದಿಂದ ಗೇಟಿನವರೆಗೆ ನಡೆದ ದಿನ ಅಣ್ಣ ಚಪ್ಪಾಳೆ ತಟ್ಟಿದ. ವಕೀಲರ ಮುಖ ಬಾಡಿತು. "ಒಳಗಡೆ ಹಿಂಗ್ ನಡೀಬೇಡಮ್ಮಾ," ಎಂದರು. ಒಳಗೆ ಹಾಗೆ ನಡೆಯುವ ಚಿಂತೆಯೇ ಬರಲಿಲ್ಲ. ಸಾಕ್ಷಿಯ ದಿನ ಹೆದರಿಕೆಗೆ ಎರಡು ಕಾಲೂ ಸಮನಾಗಿ ನಡುಗಿದವು.

ಸಾಕ್ಷಿಗೆ ವಕೀಲರು ನನಗೆ ಕಲಿಸಿದ್ದು ಒಂದೇ ಪದ. ಕಂಪನಿಯ ವಕೀಲರು ಏನು ಕೇಳಿದರೂ "ಕಾದು" ಎನ್ನಬೇಕು. ತೆಲುಗಿನಲ್ಲಿ "ಅಲ್ಲ" ಎನ್ನಲು ಕಾದು ಎನ್ನುತ್ತಾರೆ. ನಮ್ಮ ಕನ್ನಡದಲ್ಲಿ ಕಾದು ಎಂದರೆ ಏನೆಂದು ಆ ಹೊತ್ತಿಗೆ ನನಗೆ ಬೇರೆ ಯಾರೂ ಹೇಳಬೇಕಾಗಿರಲಿಲ್ಲ.

ಕಟಕಟೆಯಲ್ಲಿ ನಿಂತೆ. ಗಾಡಿ ಹಿಂದೆ ನಿಂತದ್ದು ನಿಮ್ಮ ತಪ್ಪಲ್ಲವೇ ಎಂದರು. ಕಾದು. ಕಾಲು ಈಗ ಪೂರ್ತಿ ವಾಸಿಯಾಗಿದೆ. ಕಾದು. ಮೋಟಾರು ಇಟ್ಟುಕೊಂಡರೆ ಮಿಷನ್ ತುಳಿಯುವುದೇ ಬೇಡ. ಕಾದು. ಆಮೇಲೆ ಅವರು ಕನ್ನಡಕ ತೆಗೆದು ಒರೆಸಿಕೊಳ್ಳುತ್ತ, "ನೀವು ನಿಮ್ಮಣ್ಣನಿಗೆ ರೈಟ್ ರೈಟ್ ಎಂದಿರಿ. ಅದನ್ನು ಕೇಳಿಯೇ ಅವರು ಗಾಡಿ ಹಿಂದೆ ತೆಗೆದರು," ಎಂದರು.

ಬಾಯಲ್ಲಿ ಕಾದು ಸಿದ್ಧವಾಗಿತ್ತು. ಆದರೆ ಅಣ್ಣ ಎದುರಿಗೇ ನಿಂತಿದ್ದ. ಅವನಿಗೆ ನಾನು ಏನಂದೆನೆಂದು ಗೊತ್ತು.

"ಅಂದಿದ್ದು ನಿಜ. ಬಲಗಡೆ ತಿರುಗಿಸು ಅಂತ ರೈಟ್ ಅಂದೆ. ಬಾ ಅಂತ ರೈಟ್ ಅನ್ನಲಿಲ್ಲ," ಎಂದೆ.

ನಮ್ಮ ವಕೀಲರು ಫೈಲಿನಲ್ಲಿ ಮುಖವಿಟ್ಟರು. ಜಡ್ಜಿಗೆ ಕಷ್ಟಕ್ಕೆ ಬಂತು. ನಾವು ತೆಲುಗಿನಲ್ಲಿ ಹೇಳಿದ್ದನ್ನು ಅವರು ಇಂಗ್ಲಿಷಿನಲ್ಲಿ ಹೇಳಿ ಟೈಪು ಮಾಡಿಸಬೇಕು. ಒಂದು ಸಲ ಬರೆಸಿದರು, ಓದಿಸಿದರು, ಹೊಡೆದುಹಾಕಿಸಿದರು. ಕೊನೆಗೆ ಬರೆಸಿದ್ದನ್ನು ನಮ್ಮ ವಕೀಲರು ಆಮೇಲೆ ನನಗೆ ಬಿಡಿಸಿ ಹೇಳಿದರು. ಸಾಕ್ಷಿಯು ರೈಟ್ ಎಂದದ್ದು ನಿಜ, ರೈಟ್ ಎಂಬ ಅರ್ಥದಲ್ಲಿ ರೈಟ್ ಎಂದಳೆನ್ನುವುದು ರೈಟಲ್ಲ. ಟೈಪಿಸ್ಟು ಹೆಣ್ಣುಮಗಳು ಸೆರಗಿನಲ್ಲಿ ನಗು ಮುಚ್ಚಿಕೊಂಡಳು.

ಕಂಪನಿಯವರು ಅಲ್ಲಿಗೆ ಬಿಡಲಿಲ್ಲ. ಮುಂದಿನ ವಾಯಿದಾಕ್ಕೆ ಅಣ್ಣನನ್ನೇ ತಮ್ಮ ಸಾಕ್ಷಿಯಾಗಿ ಕರೆಸಿದರು.

ಅಂದು ಆ ಹಿರಿಯ ವಕೀಲರು ಅಣ್ಣನನ್ನು ಮಾತನಾಡಿಸಿದ ರೀತಿ ನನಗೆ ಇನ್ನೂ ಕಣ್ಣಿಗೆ ಕಟ್ಟಿದೆ. ಅಷ್ಟು ಮರ್ಯಾದೆಯಿಂದ ಅವನನ್ನು ನಮ್ಮ ಬಂಧುಗಳಲ್ಲೇ ಯಾರೂ ಮಾತನಾಡಿಸಿಲ್ಲ. ಎಷ್ಟು ದೊಡ್ಡ ಸರ್ವೀಸು, ಯಾವ ಯಾವ ಮಾರ್ಗ, ಘಾಟಿಯಲ್ಲಿ ಓಡಿಸಿದ್ದೀರಾ, ಒಂದೂ ಅಪಘಾತವಿಲ್ಲವೇ, ಇಲಾಖೆ ಗುರುತಿಸಿದೆಯೇ. ಅಣ್ಣ ನೋಡನೋಡುತ್ತಿದ್ದಂತೆ ನೆಟ್ಟಗಾದ. ಶರಟಿನ ಕೈ ಸರಿಮಾಡಿಕೊಂಡ. ಕಲ್ಯಾಣದುರ್ಗದಲ್ಲಿ ಕಳೆದುಕೊಂಡದ್ದನ್ನು ಹಿಂದೂಪುರದಲ್ಲಿ ಒಬ್ಬರು ಒಂದೊಂದಾಗಿ ಹಿಂದಿರುಗಿಸುತ್ತಿದ್ದರು. ನಮ್ಮ ವಕೀಲರು, ನನ್ನ ಅಣ್ಣ ಅಯೋಗ್ಯ ಡ್ರೈವರ್ ಎಂದು ಸಾಧಿಸಲು ಬಂದವರು, ಉಗುರು ಕಚ್ಚುತ್ತ ಕೂತಿದ್ದರು.

"ಇಂಥ ಡ್ರೈವರ್ ಹಿಂದೆ ನೋಡದೆ ಗಾಡಿ ತೆಗೀತಾರಾ?"

"ತೆಗೆಯಲ್ಲ ಸ್ವಾಮಿ," ಎಂದ ಅಣ್ಣ, ಎದೆಯುಬ್ಬಿಸಿ.

"ಹಾಗಾದರೆ ನಿಮ್ಮ ತಪ್ಪಿಲ್ಲ. ನಿಮ್ಮ ತಂಗಿ ರೈಟ್ ಅಂದದ್ದೇ ತಪ್ಪು. ಹೌದಾ, ಅಲ್ಲವಾ?"

ಅಣ್ಣನಿಗೆ ಆಗ ತಿಳಿಯಿತು. ಉಬ್ಬಿದ ಎದೆ ಹಾಗೇ ನಿಂತಿತು. ನನ್ನ ಕಡೆ ನೋಡಿದ. ನಾನು ನೆಲ ನೋಡಿದೆ. ಹೌದು ಎಂದರೆ ಅವನ ಹೆಸರು ಉಳಿಯುತ್ತಿತ್ತು. ಅದು ಪೂರ್ತಿ ಸುಳ್ಳೂ ಆಗುತ್ತಿರಲಿಲ್ಲ.

"ಸ್ವಾಮಿ, ರೈಟ್ ಅನ್ನೋದು ಕಂಡಕ್ಟರ್ ಕೆಲಸ," ಎಂದು ಅವನು ನಿಧಾನವಾಗಿ ಶುರು ಮಾಡಿದ. "ಅವನು ಅಂದ ಅಂತ ಹೋಗಿಬಿಡೋದು ಡ್ರೈವರ್ ಕೆಲಸ ಅಲ್ಲ. ಕನ್ನಡಿ ನೋಡಬೇಕು. ಹೊಸದಾಗಿ ಬಂದ ಹುಡುಗರಿಗೆ ನಾನೇ ಹೇಳಿಕೊಡ್ತಿದ್ದ ಮಾತು ಇದು. ಆವತ್ತು ಮದುವೆ ಊಟ ಮಾಡಿದ್ದೆ, ಕಣ್ಣು ಎಳೀತಿತ್ತು. ಕನ್ನಡಿ ನೋಡಲಿಲ್ಲ. ತಪ್ಪು ನಂದು."

ಹಿರಿಯ ವಕೀಲರು ಇನ್ನೇನೂ ಕೇಳಲಿಲ್ಲ. ಕೂರುವ ಮೊದಲು ಅಣ್ಣನಿಗೆ ಸಣ್ಣಗೆ ತಲೆ ಬಾಗಿಸಿದರು. ನಮ್ಮ ವಕೀಲರು ಉಗುರು ಬಿಟ್ಟರು.

ಹೊರಗೆ ಬಂದ ಮೇಲೆ ಕೇಳಿದೆ. "ನಿಜವಾಗ್ಲೂ ಕನ್ನಡಿ ನೋಡಿರ್ಲಿಲ್ವಾ ಅಣ್ಣಯ್ಯ?"

"ನೋಡಿದ್ನೋ ಇಲ್ವೋ, ಈಗ ಯಾರಿಗ್ ಗೊತ್ತು," ಎಂದ. "ಕೋರ್ಟಲ್ಲಿ ಹೇಳಿದ್ ಮೇಲೆ ನೋಡಿಲ್ಲ ಅಂತಾನೇ ಕಣಮ್ಮ." ಆ ದಿನ ಅವನು ಟೀ ಕುಡಿದ. ನನ್ನದನ್ನೂ ಅರ್ಧ ಕುಡಿದ.

ತೀರ್ಪು ಬಂತು. ಮುಕ್ಕಾಲು ಪಾಲು ತಪ್ಪು ಡ್ರೈವರನದು, ತಪ್ಪು ತಿಳಿಯುವಂಥ ಮಾತು ಆಡಿದ್ದರಿಂದ ಕಾಲು ಪಾಲು ನನ್ನದು. ಅಷ್ಟನ್ನು ಕಳೆದು ಉಳಿದ ಪರಿಹಾರವನ್ನು ಕಂಪನಿ ಕೊಡಬೇಕು. ನಮ್ಮ ವಕೀಲರು ಇದು ಒಳ್ಳೆಯ ತೀರ್ಪು ಎಂದರು. ನಾನು ಒಪ್ಪಿದೆ. ಒಪ್ಪದವನು ಅಣ್ಣ ಒಬ್ಬನೇ.

"ಅಪೀಲ್ ಹಾಕ್ಬೇಕು ಸಾರ್," ಎಂದ.

"ಯಾಕ್ರೀ? ನಿಮ್ಮ ತಪ್ಪು ಕಮ್ಮಿ ಮಾಡ್ಸೋಕಾ?"

"ಅಲ್ಲ. ಆ ಕಾಲು ಪಾಲೂ ನಂದೇ ಅಂತ. ನಾನು ಒಪ್ಕೊಂಡ್ ಮೇಲೆ ಇವ್ಳಿಗ್ಯಾಕೆ ಹಂಚಬೇಕು?"

ವಕೀಲರು ತಮ್ಮ ಇಷ್ಟು ವರ್ಷದ ವೃತ್ತಿಯಲ್ಲಿ ಜಾಸ್ತಿ ತಪ್ಪು ಬೇಕೆಂದು ಮೇಲಿನ ಕೋರ್ಟಿಗೆ ಹೋಗುವ ಎದುರುದಾರನನ್ನು ನೋಡಿಲ್ಲ ಎಂದರು. ಅಣ್ಣ ಬಿಡಲಿಲ್ಲ. ಅತ್ತಿಗೆಗೆ ಫೋನು ಮಾಡಿದೆ. ಅವಳು ಎಲ್ಲವನ್ನೂ ಕೇಳಿಸಿಕೊಂಡು, ಫೋನು ಅಣ್ಣನಿಗೆ ಕೊಡು ಎಂದಳು. ಏನಂದಳೋ ಗೊತ್ತಿಲ್ಲ. ಅಣ್ಣ "ಆಯ್ತು, ಆಯ್ತು," ಎಂದು ಫೋನು ಹಿಂದಿರುಗಿಸಿದ. ಅಪೀಲಿನ ಮಾತು ಅಲ್ಲಿಗೆ ನಿಂತಿತು.

ಬಂದ ದುಡ್ಡಿನಲ್ಲಿ ಮಹಡಿಯ ಮೇಲಿದ್ದ ನನ್ನ ಅಂಗಡಿಯನ್ನು ಕೆಳಗಿನ ಒಂದು ಮಳಿಗೆಗೆ ಇಳಿಸಿದೆ. ಮೆಟ್ಟಿಲು ಹತ್ತಲಾರದೆ ಬೇರೆ ಕಡೆ ಹೊಲಿಸುತ್ತಿದ್ದ ವಯಸ್ಸಾದ ಹೆಂಗಸರು ಬರತೊಡಗಿದರು. ಪರಿಗಿಯ ಕಡೆಯಿಂದ ಸಂತೆಗೆ ಬಂದವರೂ ನಿಂತು ಅಳತೆ ಕೊಟ್ಟು ಹೋಗುತ್ತಾರೆ. ಕಾಲು ಮುರಿಯುವ ಮೊದಲಿಗಿಂತ ವ್ಯಾಪಾರ ಚೆನ್ನಾಗಿದೆ. ಇದನ್ನು ನಾನು ನಮ್ಮ ವಕೀಲರ ಮುಂದೆ ಜೋರಾಗಿ ಹೇಳುವುದಿಲ್ಲ.

ಆದರೆ ಕೇಸು ಮುಗಿದ ಮೇಲೆ ಒಂದು ವಿಷಯ ಗಮನಕ್ಕೆ ಬಂತು. ನಾನೂ ಅಣ್ಣನೂ ಮೊದಲೆಲ್ಲ ಮದುವೆ, ಹಬ್ಬಗಳಲ್ಲಿ ಸಿಗುತ್ತಿದ್ದವರು. ಅವನ ಮೇಲೆ ಕೇಸು ಹಾಕಿದ ಮೇಲೆಯೇ ತಿಂಗಳು ತಿಂಗಳು ನೋಡಿದ್ದು, ಪಕ್ಕದಲ್ಲಿ ಕೂತು ಮಾತನಾಡಿದ್ದು, ಅಪ್ಪ ಅಮ್ಮನ ಕಾಲದ್ದನ್ನೆಲ್ಲ ನೆನೆಸಿಕೊಂಡದ್ದು. ಈಗ ಬರಲು ಅವನಿಗೆ ಕಾರಣವಿರಲಿಲ್ಲ, ಬಾ ಎನ್ನಲು ನನಗೂ ಇರಲಿಲ್ಲ.

ಸ್ವಲ್ಪ ದಿನ ಬಿಟ್ಟು ಅಣ್ಣ ಒಂದು ಮಧ್ಯಾಹ್ನ ಅಂಗಡಿಗೆ ಬಂದ. ಕೈಯಲ್ಲಿ ಶರಟಿನ ಬಟ್ಟೆ.

"ಒಂದ್ ಶರಟು ಹೊಲ್ಕೊಡಮ್ಮ," ಎಂದ.

"ನಾನು ಗಂಡಸರದ್ದು ಹೊಲಿಯಲ್ಲ ಅಣ್ಣಯ್ಯ. ಕಲ್ಯಾಣದುರ್ಗದಲ್ಲಿ ಟೈಲರುಗಳಿಲ್ವಾ?"

"ಅವ್ರು ಸರಿಯಾಗಿ ಹೊಲಿಯಲ್ಲ. ನೀನು ಕಲ್ತ್ಕೊ. ನಂಗೇನೂ ಅರ್ಜೆಂಟಿಲ್ಲ," ಎಂದು ಬಟ್ಟೆಯನ್ನು ಮಿಷನ್ನಿನ ಮೇಲಿಟ್ಟು ಕುರ್ಚಿ ಎಳೆದುಕೊಂಡ.

ಅಳತೆ ತೆಗೆದುಕೊಂಡೆ. ಅಳತೆ ನೋಡಲು ಅವನು ಮತ್ತೊಮ್ಮೆ ಬಂದ. ತೋಳು ಉದ್ದವಾಯಿತೆಂದು ಇನ್ನೊಮ್ಮೆ ಬಂದ. ಆ ಶರಟು ಇನ್ನೂ ಮುಗಿದಿಲ್ಲ. ಕಾಲರು ಸರಿಯಾಗಿ ಕೂರುತ್ತಿಲ್ಲ, ಬಿಚ್ಚಿ ಮತ್ತೆ ಹೊಲಿಯಬೇಕು ಎಂದು ಹೇಳಿ ಕಳಿಸಿದ್ದೇನೆ.